ಒಂದೇ ಕಲ್ಲು, ಎರಡು ಮಣ್ಣು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಪಕ್ಕ ಕುಳಿತು ನೋಡಿ. ತಗ್ಗಿನಲ್ಲಿ ಕಪ್ಪು ಎರೆಭೂಮಿ. ಅದರಲ್ಲಿ ತೊಗರಿ, ಸೋಯಾ, ಜೋಳ. ದಿಬ್ಬ ಏರಿದರೆ ನೆಲ ಕೆಂಪಾಗುತ್ತದೆ. ಬೆಳೆ ಕಡಿಮೆಯಾಗಿ ಹುಲ್ಲು, ಕುರುಚಲು ಗಿಡ, ಮೇಯುವ ದನಗಳು ಕಾಣುತ್ತವೆ. ಇಷ್ಟು ಹತ್ತಿರದಲ್ಲಿ ಎರಡು ಬಣ್ಣದ ಮಣ್ಣು ಹೇಗೆ ಬಂತು?

ವಿದ್ಯಾರ್ಥಿಗಳೇ, ಸೋಜಿಗವೆಂದರೆ ಈ ಎರಡೂ ಮಣ್ಣು ಹುಟ್ಟಿದ್ದು ಒಂದೇ ಕಲ್ಲಿನಿಂದ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದ ನೆಲ ಬಿರಿದು ಲಾವಾ ಪದರ ಪದರವಾಗಿ ಹರಿಯಿತು. ತಣ್ಣಗಾದ ಆ ಲಾವಾವೇ ಬಸಾಲ್ಟ್, ನಮ್ಮ ಕರಿಕಲ್ಲು. ಇಂದಿಗೂ ಅದು ಸುಮಾರು ೫ ಲಕ್ಷ ಚದರ ಕಿ.ಮೀ. ಹರಡಿದೆ, ಬೀದರ್ ಜಿಲ್ಲೆ ಅದರ ಅಂಚಿನಲ್ಲಿದೆ. ಬಾವಿ ತೋಡಿದಾಗ ಸಣ್ಣ ಸಣ್ಣ ತೂತುಗಳಿರುವ ಕಲ್ಲು ಸಿಕ್ಕರೆ ಎಸೆಯಬೇಡಿ. ಕುದಿಯುವ ಲಾವಾದಿಂದ ಅನಿಲ ಹೊರಬಿದ್ದ ಗುರುತು ಅದು.

ಎತ್ತರದ ಸಮತಟ್ಟು ನೆಲದ ಮೇಲಿನ ಕಲ್ಲು ಲಕ್ಷಾಂತರ ವರ್ಷ ಮಳೆ, ಬಿಸಿಲಿಗೆ ಸಿಕ್ಕಿ ಕೊಳೆಯಿತು. ಅದರೊಳಗಿನ ಸುಣ್ಣ, ಮೆಗ್ನೀಸಿಯಮ್, ಸಿಲಿಕಾ ನೀರಿನೊಡನೆ ಹೋದವು; ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದವು. ಇದೇ ಜಂಬಿಟ್ಟಿಗೆ. ಕೇರಳದಲ್ಲಿ ಇಂಥ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಬೀದರ್ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕೊರೆಯಲಾಗಿದೆ.

ಇಳಿಜಾರು, ತಗ್ಗುಗಳಲ್ಲಿ ಈ ಕೆಂಪು ಟೋಪಿ ಕೊಚ್ಚಿಹೋಗಿ ಕೆಳಗಿನ ಬಸಾಲ್ಟ್ ಹೊರಬಿತ್ತು. ಮಳೆ ಕಡಿಮೆಯಾದ ಕಾಲದಲ್ಲಿ ಅದು ಕೊಳೆತಾಗ ಸುಣ್ಣ, ಮೆಗ್ನೀಸಿಯಮ್ ಅಲ್ಲಿಯೇ ಉಳಿದವು. ಆಗ ಆದದ್ದು ಎರೆಮಣ್ಣು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಮೇಲ್ಮಣ್ಣು ಬೀಳುತ್ತದೆ. ಮಳೆಗಾಲದಲ್ಲಿ ಬಿರುಕು ಮುಚ್ಚುತ್ತದೆ. ಹೀಗೆ ಈ ಮಣ್ಣು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಹಿಡಿದಿಟ್ಟ ತೇವದಲ್ಲಿಯೇ ಹಿಂಗಾರಿ ಜೋಳ ಬೆಳೆಯುತ್ತದೆ.

ಮಣ್ಣಿಗೆ ತಕ್ಕಂತೆ ಗಿಡ. ಎರೆಯ ಬದುಗಳಲ್ಲಿ, ಹಳ್ಳದ ದಂಡೆಯಲ್ಲಿ ಕರಿಜಾಲಿ ನಿಲ್ಲುತ್ತದೆ. ಕೆಂಪು ದಿಬ್ಬದ ತೆಳು ಮಣ್ಣಿನಲ್ಲಿ ಹಳದಿ ಹೂವಿನ ತಂಗಡಿ, ಬಂದರಿಕೆ, ಕವಳಿ, ಬಾರಿ, ಸೀತಾಫಲ. ಇವುಗಳ ನಡುವೆ ಹುಲ್ಲು. ಅಲ್ಲಿ ನಡೆದರೆ ಧೋತರಕ್ಕೆ ಚುಚ್ಚಿಕೊಳ್ಳುವ ಈಟಿಯಂಥ ಬೀಜವನ್ನು ನೀವು ಬಲ್ಲಿರಿ. ಆ ಹುಲ್ಲಿನ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಬೀಜದ ಬಾಲ ತೇವವಾದಾಗ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ತಿರುಚಿಕೊಳ್ಳುತ್ತದೆ. ಹೀಗೆ ತಿರುಗುತ್ತ ಬೀಜ ತಾನೇ ನೆಲ ಕೊರೆದು ಒಳಗಿಳಿಯುತ್ತದೆ.

ಬೇರೆ ದೇಶಗಳಲ್ಲೂ ಲಾವಾ ನೆಲಗಳಿವೆ. ಅಮೆರಿಕದ ಐಡಹೊ ರಾಜ್ಯದ 'ಕ್ರೇಟರ್ಸ್ ಆಫ್ ದಿ ಮೂನ್' ಎಂಬಲ್ಲಿಯ ಲಾವಾಕ್ಕೆ ಸುಮಾರು ೧೫,೦೦೦ದಿಂದ ೨,೦೦೦ ವರ್ಷಗಳ ವಯಸ್ಸು. ಅಲ್ಲಿ ಮಣ್ಣು ಈಗಷ್ಟೇ ಹುಟ್ಟುತ್ತಿದೆ. ಆ ಸೀಮೆಯ ಬಯಲುಗಳಲ್ಲಿ ಬೆಳೆಯುವ 'ಸೇಜ್‌ಬ್ರಷ್' ಎಂಬ ಪೊದೆ ನಮ್ಮ ದವನದ ಕುಲದ್ದು. ಅಲ್ಲಿಯೂ ಅದು ಮೇವಿನ ಸೀಮೆಯೇ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಅನೇಕ ವರ್ಷಗಳ ಹಿಂದೆ ವನಮಹೋತ್ಸವಕ್ಕೆಂದು ಮಕ್ಕಳನ್ನು ಕೆಂಪು ದಿಬ್ಬವೊಂದಕ್ಕೆ ಕರೆದುಕೊಂಡು ಹೋದೆ. ಹುಲ್ಲು ಕಿತ್ತು, ಹಾರೆಯಿಂದ ಕುಳಿ ತೋಡಿ ಸಸಿ ನೆಟ್ಟೆವು. ಮರುಬೇಸಿಗೆಗೆ ಒಂದೂ ಉಳಿಯಲಿಲ್ಲ. ದನ ಕಾಯುತ್ತಿದ್ದ ಹಿರಿಯರೊಬ್ಬರು, "ಮಾಸ್ತರ್ರೇ, ಇಲ್ಲಿ ನಿಮ್ಮ ಗಿಡ ನಿಂದ್ರಂಗಿಲ್ರಿ. ಇದ್ದ ಹುಲ್ಲೂ ಕಿತ್ತಿದ್ರಿ, ದನ ಏನು ತಿನ್ನಬೇಕ್ರಿ?" ಎಂದರು. ಬಿಎಸ್ಸಿ ಓದಿದ ನನ್ನ ಬಳಿ ಉತ್ತರವಿರಲಿಲ್ಲ. ಮರವಿಲ್ಲದ ನೆಲವೆಲ್ಲ ಬಂಜರು ಎಂದು ನಾನು ತಿಳಿದಿದ್ದೆ.

ಹಾಗೆ ತಿಳಿದವನು ನಾನೊಬ್ಬನೇ ಅಲ್ಲ. ೨೦೦೦ದಲ್ಲಿ ಮೊದಲು ಪ್ರಕಟವಾದ ಭಾರತದ ಪಾಳುಭೂಮಿ ನಕಾಶೆಗಳ ಸಂಪುಟದಲ್ಲಿ ಕುರುಚಲು ನೆಲವೂ ಸೇರಿದೆ. ಆದರೆ ಈ 'ಪಾಳು' ನಮ್ಮ ದೇವಣಿ ದನಗಳ ಮೇವು; ಬೀದರ್ ಜಿಲ್ಲೆಯ ಕೃಷ್ಣಮೃಗಗಳ ಮನೆ. ತೂತುತೂತಾದ ಜಂಬಿಟ್ಟಿಗೆ ಮಳೆನೀರನ್ನು ಹೀರಿ ಒಳಗಿಳಿಸುತ್ತದೆ. ಕೆಳಗಿನ ಜೇಡಿ, ಕರಿಕಲ್ಲು ಅದನ್ನು ತಡೆಯುತ್ತವೆ. ನೀರು ಪಕ್ಕಕ್ಕೆ ಹರಿದು ಬಾವಿ, ಊಟೆಗಳಿಗೆ ಬರುತ್ತದೆ. ಬಹಮನಿ ಕಾಲದವರು ಬೀದರಿನ ನೌಬಾದಿನಲ್ಲಿ ಸುರಂಗ ಬಾವಿ ತೋಡಿದ್ದು ಈ ಗುಟ್ಟನ್ನು ಅರಿತೇ. ಕಲ್ಯಾಣದ ಶರಣ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಲ್ಲಿ ದಾಸೋಹ ನಡೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಹುಲ್ಲಿನ ಬೆಲೆ ಆ ಕಾಲಕ್ಕೇ ಗೊತ್ತಿತ್ತು.

ಸಸಿ ನೆಡಬೇಡಿ ಎನ್ನುತ್ತಿಲ್ಲ. ಮನೆಯಂಗಳ, ಹೊಲದ ಬದು, ರಸ್ತೆಯ ಬದಿಯಲ್ಲಿ ನೆಡಿ. ದಿಬ್ಬಕ್ಕೆ ಹುಲ್ಲೇ ಸಾಕು. ಮುರುಮ್‌ಗಾಗಿ ದಿಬ್ಬವನ್ನೇ ಅಗೆದು ಒಯ್ದರೆ, ಲಕ್ಷಾಂತರ ವರ್ಷಗಳಲ್ಲಿ ಆದದ್ದು ಕೆಲವೇ ದಿನಗಳಲ್ಲಿ ಹೋಗುತ್ತದೆ. ಅದನ್ನು ಮತ್ತೆ ತಂದು ಹಾಕಲಾಗದು.

ಈ ವಾರದ ಪ್ರಯೋಗ: ತೂತು ಮಾಡಿದ ಎರಡು ಡಬ್ಬಿಗಳಲ್ಲಿ ಒಂದೊಂದು ಬಗೆಯ ಒಣಮಣ್ಣು ತುಂಬಿ ಸಮನಾಗಿ ನೀರು ಹಾಕಿ. ಯಾವುದರಿಂದ ನೀರು ಬೇಗ ಇಳಿಯಿತು? ಯಾವುದು ಉಬ್ಬಿತು? ಎರೆಯಲ್ಲಿ ಸಿಗುವ ಬಿಳಿ ಸುಣ್ಣದ ಹರಳಿಗೆ ನಿಂಬೆರಸ ಹಿಂಡಿ ನೊರೆ ಬರುವುದೇ ನೋಡಿ. ಪಾಲಕರಲ್ಲಿ ಒಂದು ವಿನಂತಿ: ಕೈ ಮಣ್ಣಾಯಿತೆಂದು ಮಕ್ಕಳನ್ನು ಬೈಯಬೇಡಿ. ಬಿಡುವಾದಾಗ ನೀವೂ ಅವರೊಡನೆ ದಿಬ್ಬ ಹತ್ತಿ ಬನ್ನಿ.