ಡಿಸ್ಕ್ ಹಾಕಿದರೂ ಏಳದ ಕಂಪ್ಯೂಟರ್

ಪ್ರಶ್ನೆ: ನಮ್ಮ ಮನೀ ಕಂಪ್ಯೂಟರ್ ಎಂಟು ದಿನದಿಂದ ಚಾಲೂ ಆಗವಲ್ದು. ಮೈದುನ ವಿಂಡೋಸ್ ಹಾಕೋ ಡಿಸ್ಕ್ ತಂದುಕೊಟ್ಟ. ಅದನ್ನ ಹಾಕಿದ್ರೂ ಮೊದಲ ಕಂಪನಿ ಹೆಸರು ಬಂದು, ಆಮ್ಯಾಲ ಕರೀ ಪರದೆ. ನಮ್ಮ ಸ್ತ್ರೀಶಕ್ತಿ ಸಂಘದ ಮೂರು ವರ್ಷದ ಲೆಕ್ಕ ಅದರಾಗ ಐತ್ರಿ. ಎಲ್ಲಾ ಹೋತೇನು?
– ಒಬ್ಬ ಸೋದರಿ, ರಾಯಬಾಗ

ಉತ್ತರ: ಗಾಬರಿ ಆಗಬ್ಯಾಡ್ರಿ, ತಂಗಿ. ಡಿಸ್ಕ್‌ನಿಂದ ಕಂಪ್ಯೂಟರ್ ಏಳಲಿಲ್ಲ ಎಂದರೆ ಆ ಡಿಸ್ಕ್ ನಿಮ್ಮ ಲೆಕ್ಕವನ್ನು ಇನ್ನೂ ಮುಟ್ಟಿಲ್ಲ ಎಂದೇ ಅರ್ಥ. ಅಪಾಯ ಇರುವುದು ಡಿಸ್ಕ್ ಕೆಲಸ ಮಾಡತೊಡಗಿದ ಮೇಲೆ. ಆದ್ದರಿಂದ ಎರಡೂ ಮಾತು ಹೇಳುತ್ತೇನೆ.

ಮೊದಲು ಏಳದಿರುವ ಕಾರಣ. ಕಂಪನಿ ಹೆಸರು ಕಾಣುತ್ತದೆ ಎಂದಿರಿ. ಹಾಗಾದರೆ ಯಂತ್ರಕ್ಕೆ ಜೀವವಿದೆ. ಕೆಳಗಿನವನ್ನು ಒಂದೊಂದಾಗಿ ನೋಡಿರಿ.

1. ಸರದಿ: ಕಂಪ್ಯೂಟರ್ ಸಾಮಾನ್ಯವಾಗಿ ಮೊದಲು ತನ್ನ ಹಾರ್ಡ್ ಡಿಸ್ಕನ್ನೇ ನೋಡುತ್ತದೆ. ಚಾಲೂ ಮಾಡಿದ ಕೂಡಲೇ ಒಂದು ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೆ ಆರಿಸುವ ಪಟ್ಟಿ ಬರುತ್ತದೆ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9. ಅದರಲ್ಲಿ ಡಿವಿಡಿ ಡ್ರೈವ್ ಆರಿಸಿರಿ.

2. 'ಪ್ರೆಸ್ ಎನಿ ಕೀ' ಎಂಬ ಸಾಲು: ಇದು ಕೆಲವೇ ಸೆಕೆಂಡು ನಿಲ್ಲುತ್ತದೆ. ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಮಾಯ! ಕಂಡ ಕೂಡಲೇ ಯಾವುದಾದರೂ ಕೀಲಿ ಒತ್ತಬೇಕು.

3. ಡಿಸ್ಕ್: ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿರಿ, ಗೋಲಾಗಿ ಅಲ್ಲ. ಬರೀ ಸಿಡಿ ಓದುವ ಹಳೆಯ ಡ್ರೈವ್ ಡಿವಿಡಿಯನ್ನು ಓದದು. ಇನ್ನೊಂದು ಮಾತು. ಅಂತರ್ಜಾಲದಿಂದ ಇಳಿಸಿದ 'ಐಎಸ್‌ಒ' ಕಡತವನ್ನು ಡಿಸ್ಕ್‌ಗೆ ಬರೀ ನಕಲು ಮಾಡಿದ್ದರೆ ಯಂತ್ರ ಏಳುವುದಿಲ್ಲ. ಜೋಳದ ಚೀಲವನ್ನೇ ಹಂಚಿನ ಮೇಲಿಟ್ಟರೆ ರೊಟ್ಟಿ ಆದೀತೇ? ಅದನ್ನು 'ಬರ್ನ್ ಡಿಸ್ಕ್ ಇಮೇಜ್' ಎಂಬ ಕ್ರಮದಲ್ಲಿ ಬರೆಯಬೇಕು.

4. ಹಳೇ ಡಿಸ್ಕ್, ಹೊಸ ಯಂತ್ರ: 2012ರ ನಂತರದ ಅನೇಕ ಯಂತ್ರಗಳಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲು ಇದೆ. ಅದು ವಿಂಡೋಸ್ 7ರ ಡಿಸ್ಕನ್ನು ಒಳಗೆ ಬಿಡದು. ಕಾವಲು ತೆಗೆಯುವ ಬದಲು ಹೊಸ ಆವೃತ್ತಿಯನ್ನೇ ತರುವುದು ಮೇಲು. 7ಕ್ಕೆ 2020ರ ಜನವರಿಯಲ್ಲೇ, 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ. ಡಿವಿಡಿ ಡ್ರೈವೇ ಕೆಟ್ಟಿದ್ದರೆ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಉಪಕರಣದಿಂದಲೇ ತಯಾರಿ ಮಾಡಬಹುದು.

ಇನ್ನು ಮುಖ್ಯ ಮಾತು. ಡಿಸ್ಕ್ ಎದ್ದಿತೆಂದು ಖುಷಿಯಾಗಿ 'ನೆಕ್ಸ್ಟ್, ನೆಕ್ಸ್ಟ್' ಒತ್ತಿಬಿಡಬೇಡಿರಿ. 'ಡಿಲೀಟ್' ಅಥವಾ 'ಫಾರ್ಮ್ಯಾಟ್' ಒತ್ತಿದರೆ ಸಂಘದ ಲೆಕ್ಕ, ಮದುವೆಯ ಫೋಟೋ ಎಲ್ಲಾ ಹೋದಂತೆಯೇ. ಮೊದಲು ಲೆಕ್ಕ ಹೊರಗೆ ತೆಗೆಯಿರಿ. ಹಾರ್ಡ್ ಡಿಸ್ಕ್ ಬಿಚ್ಚಿಸಿ, ಕೇಬಲ್‌ನಿಂದ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ನಕಲು ಮಾಡಬಹುದು. ಇಲ್ಲವೇ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, 'ಟ್ರೈ' ಎಂಬುದನ್ನು ಆರಿಸಿದರೆ ಏನೂ ಅಳಿಸದೆ ಕಡತ ತೆಗೆಯಬಹುದು. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಪದೇ ಪದೇ ಚಾಲೂ ಮಾಡದೆ ತಿಳಿದವರ ಕೈಗೆ ಕೊಡಿರಿ.

ಅಂಗಡಿಗೆ ಒಯ್ದರೂ – ಚಿಕ್ಕೋಡಿ, ನಿಪ್ಪಾಣಿಯಿರಲಿ, ಕಾಗವಾಡದವರು ಹೋಗುವ ಮಿರಜ ಇರಲಿ – "ಮೊದಲ ನಕಲು ತಗೀರಿ, ಆಮ್ಯಾಲ ವಿಂಡೋಸ್ ಹಾಕ್ರಿ" ಎಂದು ಚೀಟಿಯಲ್ಲಿ ಬರೆಸಿರಿ. ನಕಲನ್ನು ಅಲ್ಲೇ ತೆರೆದು ನೋಡಿ ಬರ್ರಿ.

ಹೊಸ ವಿಂಡೋಸ್ ಬಂದ ಮೇಲೆ ಕನ್ನಡದ ಲೆಕ್ಕ ತೆರೆದಾಗ ಇಂಗ್ಲಿಷಿನ ಕಲಸುಮೇಲೋಗರ ಕಂಡರೆ ಅಳಬೇಡಿರಿ. ಹಿಂದೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದಿದ್ದೀರಿ, ಅಷ್ಟೇ. ನುಡಿಯನ್ನು ಮತ್ತೆ ಹಾಕಿದರೆ ಅಕ್ಷರ ತಿರುಗಿ ಬರುತ್ತವೆ.

ಕೊನೆಗೊಂದು ಮಾತು, ಅಥಣಿಯಿಂದ ನಿಪ್ಪಾಣಿವರೆಗಿನ ಎಲ್ಲ ಸೋದರಿಯರಿಗೂ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಮಹಾಪೂರ ಈ ಭಾಗದ ಎಷ್ಟೋ ಮನೆಗಳಿಗೆ ನುಗ್ಗಿದ್ದು ಮರೆತಿಲ್ಲವಷ್ಟೇ? ಲೆಕ್ಕದ ಎರಡನೆಯ ಪ್ರತಿ ಅದೇ ಮನೆಯ ಅದೇ ಟ್ರೆಜರಿಯಲ್ಲಿದ್ದರೆ ಉಪಯೋಗವಿಲ್ಲ. ಪ್ರತಿ ತಿಂಗಳ ಸಭೆಯ ದಿನ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ, ಸಂಘದ ಇನ್ನೊಬ್ಬ ಸದಸ್ಯೆಯ ಮನೆಯಲ್ಲಿ ಇಡಿರಿ.