ಹಳ್ಳಿ ನಿಮ್ಮ ರಿಟೈರ್‌ಮೆಂಟ್ ಪ್ಲಾನ್ ಅಲ್ಲ

ಬೆಂಗಳೂರಿನ ಯಾವ ಐಟಿ ಕಂಪನಿಯ ಕ್ಯಾಂಟೀನಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ. "ಇನ್ನೈದು ವರ್ಷ ಅಷ್ಟೇ ಗುರು. ಆಮೇಲೆ ಈ ಟ್ರಾಫಿಕ್ಕು, ಈ ಅಪ್ರೈಸಲ್ಲು ಎಲ್ಲಕ್ಕೂ ನಮಸ್ಕಾರ. ಎರಡೆಕರೆ ತಗೊಂಡು, ಎರಡು ಹಸು ಕಟ್ಟಿಕೊಂಡು ಸಿಂಪಲ್ಲಾಗಿ ಇದ್ದುಬಿಡ್ತೀನಿ." ಹೀಗೆ ಹೇಳಿದವನೇ ಸಂಜೆ ಹೊಸ ಕಾರಿನ ಟೆಸ್ಟ್ ಡ್ರೈವ್‌ಗೆ ಹೋಗ್ತಾನೆ. ನಾನು ಹನ್ನೆರಡು ವರ್ಷದಿಂದ ಈ ಇಂಡಸ್ಟ್ರಿಯಲ್ಲಿದ್ದೇನೆ. ಆ "ಇನ್ನೈದು ವರ್ಷ" ಇವತ್ತಿಗೂ ಐದಾಗೇ ಉಳಿದಿದೆ, ನಾಲ್ಕಕ್ಕೆ ಇಳಿದಿಲ್ಲ.

ನನ್ನ ತಕರಾರು ಇಷ್ಟೇ. ಸರಳ ಬದುಕು ಅನ್ನೋದನ್ನ ನಾವು ದುಡ್ಡು ಕೂಡಿಟ್ಟು ಮುಂದೆ ಯಾವತ್ತೋ ಕೊಂಡುಕೊಳ್ಳುವ ಸಾಮಾನು ಅಂದುಕೊಂಡಿದ್ದೇವೆ. ಇದರಿಂದ ನಮಗೂ ಲಾಭ ಇಲ್ಲ. ಹಳ್ಳಿಗಂತೂ ನಷ್ಟವೇ ಆಗ್ತಿದೆ.

ಮೊದಲು ನಮ್ಮ ಲೆಕ್ಕ ನೋಡೋಣ. ಲೆಕ್ಕದಲ್ಲಿ ನಾವು ಹುಷಾರು ತಾನೇ? 60 ಲಕ್ಷ ರೂಪಾಯಿ ಹೋಮ್ ಲೋನ್, ಬಡ್ಡಿ ಶೇ. 8.5, ಅವಧಿ 20 ವರ್ಷ ಅಂದುಕೊಳ್ಳಿ. ಇಎಂಐ ತಿಂಗಳಿಗೆ ಸುಮಾರು 52 ಸಾವಿರ. ಕೊನೆಯ ಕಂತು ಕಟ್ಟುವ ಹೊತ್ತಿಗೆ ನೀವು ಕೊಟ್ಟಿರೋದು ಹತ್ತಿರ ಹತ್ತಿರ 1 ಕೋಟಿ 25 ಲಕ್ಷ. ಮೂವತ್ತೈದಕ್ಕೆ ಸಾಲ ಮಾಡಿದರೆ ತೀರೋದು ಐವತ್ತೈದಕ್ಕೆ. ಹೀಗಿರುವಾಗ ಐದು ವರ್ಷಕ್ಕೆ ಹಳ್ಳಿಗೆ ಹೋಗೋದು ಹೆಂಗೆ ಸ್ವಾಮಿ? ಇದರ ಜೊತೆಗೆ ಕಾರು, ಫೋನು, ಕ್ರೆಡಿಟ್ ಕಾರ್ಡು. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5 ಅಂದರೆ ವರ್ಷಕ್ಕೆ ಶೇ. 42. ನಮ್ಮೂರಲ್ಲಿ ಮೀಟರ್ ಬಡ್ಡಿಗೆ ಕೊಡ್ತಿದ್ದವನನ್ನ ಜನ ಹಿಂದಿನಿಂದ ಬೈಕೊಂಡು ಓಡಾಡ್ತಿದ್ದರು. ಇಲ್ಲಿ ಅದೇ ಬಡ್ಡಿ ಕಟ್ಟಿ, ರಿವಾರ್ಡ್ ಪಾಯಿಂಟ್ ಬಂತು ಅಂತ ಖುಷಿಪಡ್ತೇವೆ.

ಬೇಗ ರಿಟೈರ್ ಆಗೋರಿಗೆಲ್ಲ ಒಂದು ಸೂತ್ರ ಬಾಯಿಪಾಠ ಆಗಿದೆ: ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು. ಇದರ ಮೂಲ 1994ರಲ್ಲಿ ವಿಲಿಯಂ ಬೆಂಗೆನ್ ಅನ್ನೋ ಅಮೆರಿಕದ ಹಣಕಾಸು ಸಲಹೆಗಾರ ಮಾಡಿದ ಲೆಕ್ಕ. ಅವನು ಇಟ್ಟುಕೊಂಡಿದ್ದು ಅಮೆರಿಕದ ಷೇರು, ಬಾಂಡುಗಳ ಹಳೇ ಅಂಕಿಅಂಶ. ಲೆಕ್ಕ ಹಾಕಿದ್ದು ಮೂವತ್ತು ವರ್ಷದ ನಿವೃತ್ತ ಜೀವನಕ್ಕೆ. ನಲವತ್ತಕ್ಕೇ ಕೆಲಸ ಬಿಡುವ ಭಾರತದವನಿಗೆ, ನಮ್ಮ ಬೆಲೆಯೇರಿಕೆಯಲ್ಲಿ, ಮುಂದಿನ ನಲವತ್ತೈದು ವರ್ಷಕ್ಕೆ ಅದೇ ಸಾಕು ಅನ್ನೋದು ಧೈರ್ಯದ ಮಾತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ.

ಆದರೂ ಆ ಸೂತ್ರದಿಂದ ಕಲಿಯೋಕೆ ಒಂದು ವಿಷಯ ಇದೆ. ಯಾಕೋ ಅದನ್ನ ಯಾರೂ ಮಾತಾಡಲ್ಲ. ತಿಂಗಳ ಖರ್ಚು ಒಂದು ಸಾವಿರ ಕಮ್ಮಿ ಆದರೆ ವರ್ಷಕ್ಕೆ 12 ಸಾವಿರ, ಅದರ 25 ಪಟ್ಟು 3 ಲಕ್ಷ. ಅಂದರೆ ನೀವು ಮುಟ್ಟಬೇಕಾದ ಗುರಿಯೇ 3 ಲಕ್ಷ ಕೆಳಗೆ ಬರುತ್ತೆ. ಉಳಿದ ಆ ಸಾವಿರ ಗುರಿ ಕಡೆಗೇ ಹೋಗುತ್ತೆ. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡುವವನಿಗೆ 3 ಕೋಟಿ ಬೇಕು. 40 ಸಾವಿರದಲ್ಲಿ ಬದುಕುವವನಿಗೆ 1 ಕೋಟಿ 20 ಲಕ್ಷ ಸಾಕು. ಸಂಬಳ ಹೆಚ್ಚಾದಾಗ ಖರ್ಚೂ ಹೆಚ್ಚಿಸಿಕೊಂಡವನಿಗೆ ಗುರಿ ಅವನಿಗಿಂತ ಜೋರಾಗಿ ಓಡುತ್ತೆ. ಕ್ಯಾಂಟೀನಿನ ಐದು ವರ್ಷ ಐದಾಗೇ ಉಳಿಯೋದು ಈ ಕಾರಣಕ್ಕೇ.

ಹಾಗಾದರೆ ಜಿಪುಣತನ ಮಾಡಬೇಕಾ ಅಂತೀರ. ನಮ್ಮ ಮನೆ ಹೇಗಿದೆ ಅಂತ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. ಆಫೀಸಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಎರಡು ರೂಮಿನ ಬಾಡಿಗೆ ಮನೆ. ಬೈಕಿಗೆ ಹದಿಮೂರು ವರ್ಷ, ಇನ್ನೂ ಓಡುತ್ತೆ. ರಾಗಿ, ಕಾಯಿ, ಹುಣಸೆಹಣ್ಣು ಊರಿಂದ ಬರುತ್ತೆ. ಹೋಟೆಲ್ ಊಟ ಹದಿನೈದು ದಿನಕ್ಕೊಮ್ಮೆ, ಆವತ್ತು ಬೆಲೆ ನೋಡದೆ ಹೊಟ್ಟೆ ತುಂಬ ತಿಂತೀವಿ. ಸಂಬಳ ಬಂದ ದಿನವೇ ಪಿಪಿಎಫ್‌ಗೆ, ಮ್ಯೂಚುವಲ್ ಫಂಡಿಗೆ ಹೋಗೋದು ಹೋಗಿಬಿಡುತ್ತೆ, ಮಿಕ್ಕಿದ್ದರಲ್ಲಿ ಸಂಸಾರ. ಹೆಲ್ತ್ ಇನ್ಶೂರೆನ್ಸಲ್ಲಿ ಒಂದು ರೂಪಾಯಿಯೂ ಉಳಿಸಲ್ಲ. ಮಗಳ ಪುಸ್ತಕಕ್ಕೆ ಲೆಕ್ಕ ಇಡಲ್ಲ. ಜಿಪುಣ ತನಗೆ ಬೇಕಾದ್ದಕ್ಕೂ ಖರ್ಚು ಮಾಡಲ್ಲ. ನಾವು ಬೇಡದ್ದಕ್ಕೆ ಮಾಡಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆಯನ್ನ ನಮ್ಮ ಪೀಳಿಗೆ "ಕಾಲು ಚಾಚು, ಹಾಸಿಗೆಗೆ ಇಎಂಐ ಸಿಗುತ್ತೆ" ಅಂತ ತಿದ್ದಿಕೊಂಡಿದೆ, ಅಷ್ಟೇ.

ಈಗ ಎರಡನೇ ಭ್ರಮೆಗೆ ಬರೋಣ: ಹಳ್ಳಿಯಲ್ಲಿ ಖರ್ಚಿಲ್ಲ, ಚಿಂತೆಯಿಲ್ಲ ಅನ್ನೋದು.

ನಮ್ಮದು ತಿಪಟೂರು ಸೀಮೆ, ತೆಂಗಿನ ನಾಡು. ನಾಟಿ ತೆಂಗಿನ ಸಸಿ ಇಟ್ಟರೆ ಫಲ ಕಾಣೋಕೆ ಆರೇಳು ವರ್ಷ ಬೇಕು. ಉಂಡೆ ಕೊಬ್ಬರಿ ಮಾಡಬೇಕಂದರೆ ಕಿತ್ತ ಕಾಯನ್ನ ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಕಾಯಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರು ಮಾರುಕಟ್ಟೆಗೆ ಹಾಕಿದರೆ ಅವತ್ತಿನ ಹರಾಜಿನ ರೇಟು ಹಣೆಬರಹ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು, ರೈತರು ಬೀದಿಗೆ ಬಂದರು. ಎರಡು ವರ್ಷ ಕಳೆಯೋದರಲ್ಲಿ ಬೆಲೆ ಅದರ ದುಪ್ಪಟ್ಟು ದಾಟಿತು. ಅಷ್ಟೊತ್ತಿಗೆ ಎಷ್ಟೋ ಜನ ಕಾಯನ್ನ ಅಟ್ಟಕ್ಕೇರಿಸೋದು ಬಿಟ್ಟು ಎಳನೀರಿಗೇ ಮಾರಿಬಿಟ್ಟಿದ್ದರು. ಇದರ ಮೇಲೆ ನುಸಿ ಪೀಡೆ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ. ಬೋರ್‌ವೆಲ್ ಕೊರೆಸಿದರೆ ನೀರು ಬಂದರೂ ಬಂತು, ಧೂಳು ಬಂದರೂ ಬಂತು, ಎರಡಕ್ಕೂ ಬಿಲ್ಲು ಒಂದೇ. ಮೂರು ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಎದ್ದು ಹೋಗಬೇಕು. ನಿಮ್ಮ ಪ್ರೊಡಕ್ಷನ್ ಸಪೋರ್ಟ್‌ಗಾದರೂ ಶಿಫ್ಟ್ ಅಲೋಯನ್ಸ್ ಇದೆ!

ನಮ್ಮ ಅಜ್ಜಿ ತಲೆಮಾರಿನವರು ಉಳಿತಾಯ ಮಾಡ್ತಿದ್ದದ್ದು ನಿಜ. ಹಗೇವಿನಲ್ಲಿ ರಾಗಿ, ಅಟ್ಟದ ಮೇಲೆ ಕೊಬ್ಬರಿ, ಕೊಟ್ಟಿಗೆಯಲ್ಲಿ ಒಂದು ಕರು, ಹೊಲದ ಕೆಲಸಕ್ಕೆ ಮುಯ್ಯಾಳು. ಒಂದು ಮಳೆ ಕೈಕೊಟ್ಟರೂ ಮನೆ ನಿಲ್ಲಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಅದನ್ನ "ಮಿನಿಮಲಿಸಂ" ಅಂತ ಕರೆದು ಫೋಟೋ ಹಾಕಬೇಡಿ. ಬಡತನಕ್ಕೂ ಸರಳತೆಗೂ ಇರೋ ವ್ಯತ್ಯಾಸ ಸಣ್ಣದಲ್ಲ. ಸರಳವಾಗಿರೋನಿಗೆ ಬೇಕಾದರೆ ಬ್ಯಾಂಕಲ್ಲಿ ದುಡ್ಡಿದೆ, ಬಡವನಿಗೆ ಇಲ್ಲ.

ಇನ್ನು ಜಮೀನಿನ ಮಾತು. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಇಲ್ಲೇ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಪ್ರಕಾರ, ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಆ ಮಿತಿ 2 ಲಕ್ಷ ಇದ್ದದ್ದು 2015ರಲ್ಲಿ 25 ಲಕ್ಷ ಆಯ್ತು. 2020ರಲ್ಲಿ 79ಎ, 79ಬಿ ಎರಡನ್ನೂ ಕಿತ್ತು ಹಾಕಿದರು. ಆ ಸೆಕ್ಷನ್‌ಗಳು ಲಂಚಕ್ಕೆ ದಾರಿಯಾಗಿದ್ದವು ಅನ್ನೋದು ಸರ್ಕಾರದ ವಾದ, ಅದರಲ್ಲಿ ಸುಳ್ಳಿಲ್ಲ. ಆದರೆ ಬಾಗಿಲ ಚಿಲಕ ಸರಿಯಿಲ್ಲ ಅಂತ ಯಾರಾದರೂ ಬಾಗಿಲನ್ನೇ ಕಿತ್ತು ಹಾಕ್ತಾರಾ?

ಇದರಿಂದ ಏನಾಗುತ್ತೆ ಅಂತ ನಮ್ಮ ಮನೆಯ ಉದಾಹರಣೆಯಲ್ಲೇ ಹೇಳ್ತೀನಿ. ನನ್ನ ಚಿಕ್ಕಪ್ಪನ ಮಗ ಊರಲ್ಲೇ ಉಳಿದವನು. ಮೂರೆಕರೆ ತೋಟ, ನಾಲ್ಕು ಎಮ್ಮೆ, ಒಳ್ಳೆ ಕೆಲಸಗಾರ. ಪಕ್ಕದ ಎರಡೆಕರೆ ಮಾರಾಟಕ್ಕೆ ಬಂದಾಗ, ಅದನ್ನ ಸೇರಿಸಿಕೊಂಡರೆ ಒಂದು ಸಂಸಾರ ನೆಟ್ಟಗೆ ನಡೆಯುತ್ತೆ ಅಂತ ಆಸೆಪಟ್ಟ. ಸೊಸೈಟಿ ಸಾಲ, ಎಮ್ಮೆ ಮಾರಿದ ದುಡ್ಡು, ಅತ್ತಿಗೆಯ ಒಡವೆ ಎಲ್ಲ ಸೇರಿಸಿದರೂ ಕೇಳಿದ ಬೆಲೆಯ ಅರ್ಧ ಆಗಲಿಲ್ಲ. ಬೆಂಗಳೂರಿಂದ ಒಬ್ಬರು ಬಂದು, ಚೌಕಾಸಿ ಕೂಡ ಮಾಡದೆ ಕೊಂಡರು. ಈಗ ಅಲ್ಲಿ ಕಾಂಕ್ರೀಟ್ ಕಂಬ, ತಂತಿಬೇಲಿ, ಕಬ್ಬಿಣದ ಗೇಟು, ಗೇಟಿಗೆ ಬೀಗ. ಕೆರೆಗೆ ದನ ಹೊಡಕೊಂಡು ಹೋಗ್ತಿದ್ದ ಕಾಲುದಾರಿ ಬೇಲಿಯ ಒಳಗೆ ಸೇರಿತು. ಮಾಲೀಕರು ವರ್ಷಕ್ಕೆ ಮೂರು ಸಲ ಬರ್ತಾರೆ, "ಎಷ್ಟು ಪ್ರಶಾಂತವಾಗಿದೆ" ಅಂತಾರೆ. ಬಿತ್ತೋರಿಲ್ಲದ ಹೊಲ ಪ್ರಶಾಂತವಾಗಿರದೆ ಇನ್ನೇನು?

"ರೈತನೇ ತಾನೇ ಮಾರೋದು? ಒಳ್ಳೆ ರೇಟು ಸಿಕ್ಕರೆ ನಿನಗ್ಯಾಕೆ ಹೊಟ್ಟೆಕಿಚ್ಚು?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾರುವ ಹಕ್ಕು ಅವನದು, ಕಷ್ಟಕ್ಕೆ ಮಾರೋನನ್ನ ಬೈಯೋಕೆ ನಾನು ಯಾರು? ಆದರೆ ಆ ದುಡ್ಡು ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಹಂಚಿಹೋದ ಮೇಲೆ ಅವನ ಮಗ ಬೆಂಗಳೂರಿಗೆ ಬಂದು ನಿಮ್ಮದೇ ಅಪಾರ್ಟ್‌ಮೆಂಟಿನ ಗೇಟಲ್ಲಿ ಸೆಕ್ಯುರಿಟಿ ಆಗ್ತಾನೆ. ನೀವು ಅವನ ಊರಿಗೆ ಹೋಗಿ ಸರಳ ಬದುಕು ಹುಡುಕ್ತೀರ. ಮಾರೋನಿಗೆ ಒಂದು ಸಲ ಒಳ್ಳೆ ರೇಟು ಸಿಗುತ್ತೆ. ಅಲ್ಲೇ ಉಳಿದು ಉಳೋನಿಗೆ ಮಾತ್ರ ಮಣ್ಣು ಇನ್ಯಾವತ್ತೂ ಕೈಗೆಟಕಲ್ಲ.

ತೇಜಸ್ವಿ ಓದಿ ಮೂಡಿಗೆರೆ ಕಡೆ ತೋಟ ಹುಡುಕೋರು ನನ್ನ ಟೀಮಲ್ಲೇ ಇಬ್ಬರಿದ್ದಾರೆ. ಅವರಿಗೆ ನಾನು ಹೇಳೋದು ಇದೇ. ತೇಜಸ್ವಿ ಅಲ್ಲಿಗೆ ಹೋದದ್ದು ಕೋಟಿ ಕೂಡಿಟ್ಟ ಮೇಲೆ ಅಲ್ಲ, ಎಂ.ಎ. ಓದಿ ಇನ್ನೂ ಇಪ್ಪತ್ತರ ಹರೆಯದಲ್ಲಿರುವಾಗ. ಹೋಗಿ ದುಡಿದರು, ಅಲ್ಲಿನ ಜನರ ಜೊತೆ ಜಗಳ, ಸ್ನೇಹ ಎಲ್ಲ ಮಾಡಿದರು, ಅಲ್ಲೇ ಮುಗಿಸಿದರು. ವೀಕೆಂಡಿಗೆ ಹೋಗಿ ಬರ್ತಿರಲಿಲ್ಲ.

"ನೀನೂ ಊರು ಬಿಟ್ಟವನೇ ಅಲ್ವಾ?" ಹೌದು. ನನ್ನ ಬಿಇ ಫೀಸು ಬಂದದ್ದು ನಮ್ಮ ಅಟ್ಟದ ಮೇಲಿನ ಕೊಬ್ಬರಿಯಿಂದ. ಹಳ್ಳಿಯ ದುಡ್ಡಲ್ಲಿ ಇಂಜಿನಿಯರ್ ಆದವನು, ನಗರದ ದುಡ್ಡಲ್ಲಿ ಹಳ್ಳಿಯವನನ್ನ ಹರಾಜಲ್ಲಿ ಸೋಲಿಸೋದು ಯಾವ ನ್ಯಾಯ? ನಾನೂ ವಾಪಸ್ ಹೋಗೋನೇ, ಅದಕ್ಕೇ ಉಳಿಸ್ತಿರೋದು. ಆದರೆ ಹೋಗೋದು ಅಪ್ಪನ ಪಾಲಿನ ಎರಡೂವರೆ ಎಕರೆಗೆ. ಅದಕ್ಕೆ ಒಂದು ಗುಂಟೆಯನ್ನೂ ಸೇರಿಸಲ್ಲ ಅಂತ ಮನೆಯಲ್ಲಿ ಮಾತಾಗಿದೆ.

ನಿಮಗೂ ಊರಲ್ಲಿ ಜಮೀನಿದ್ದರೆ ಮಾರಬೇಡಿ, ಅಲ್ಲಿ ದುಡಿಯುತ್ತಿರುವ ಅಣ್ಣತಮ್ಮಂದಿರ ಕೈ ಬಲಪಡಿಸಿ. ಒಂದು ಹೊಂಡ ತೋಡಿಸಿ, ಡ್ರಿಪ್ ಹಾಕಿಸಿ. ಜಮೀನಿಲ್ಲದೆಯೂ ಹೋಗುವ ಆಸೆಯಿದ್ದರೆ ತಾಲೂಕು ಕೇಂದ್ರದಲ್ಲಿ ಬಾಡಿಗೆಗೊಂದು ಮನೆ ಹಿಡಿದು ಒಂದು ವರ್ಷ ಇದ್ದು ನೋಡಿ. ನಿಮ್ಮ ಕಸುಬು ಲ್ಯಾಪ್‌ಟಾಪಲ್ಲಿದೆ, ಅದಕ್ಕೆ ಎರಡೆಕರೆ ಬೇಕಾಗಲ್ಲ. ಅಲ್ಲಿನ ಸರ್ಕಾರಿ ಶಾಲೆಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡಿ, ಊರು ನಿಮ್ಮನ್ನ ತನ್ನವರು ಅಂದುಕೊಳ್ಳುತ್ತೆ. ಕೊಳ್ಳಲೇಬೇಕು ಅಂದರೆ ಇದ್ದು ಉಳುವಷ್ಟು ಕೊಳ್ಳಿ, ದನದ ದಾರಿ ಬಿಟ್ಟು ಬೇಲಿ ಹಾಕಿ.

ಅದಕ್ಕೂ ಮೊದಲು, ಬರುವ ತಿಂಗಳಿಂದಲೇ ಸಂಬಳದ ಅರ್ಧದಲ್ಲಿ ಬೆಂಗಳೂರಲ್ಲೇ ಬದುಕಿ ನೋಡಿ. ಒಂದು ವರ್ಷ ಸಾಕು. ಆಗದೇ ಹೋದರೆ ಹಳ್ಳಿಯಲ್ಲೂ ಆಗಲ್ಲ, ಅಲ್ಲೊಂದು ಬೀಗ ಹಾಕಿದ ಗೇಟು ಹೆಚ್ಚಾಗುತ್ತೆ ಅಷ್ಟೇ. ಆದರೆ ನಿಮಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಲ್ಲೇ, ಈ ಬಾಡಿಗೆ ಮನೆಯಲ್ಲೇ ಸಿಕ್ಕಿರುತ್ತೆ. ಉಳಿದ ಕಾಲು ಭಾಗಕ್ಕೆ ಊರಿಗೆ ಬನ್ನಿ. ಆದರೆ ಇರೋಕೆ ಬನ್ನಿ.