ಮುಖ ನೋಡಿಯೇ ಮಣೆ ಹಾಕಿ

ಮುಖ ನೋಡಿ ಮಣೆ ಹಾಕಬಾರದೆಂದು ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವಳು ನಾನು. ಆದರೆ ನವರಾತ್ರಿಯ ಬೊಂಬೆಗಳ ಮಟ್ಟಿಗೆ ಮುಖ ನೋಡಿಯೇ ಮಣೆ ಹಾಕಬೇಕೆಂಬುದು ನನ್ನ ವಾದ. ಈಗ ಅಂಗಡಿಗಳಲ್ಲಿ ಸಿಗುವ, ಬಣ್ಣ ಬಳಿದೇ ಬರುವ ಪ್ಲಾಸ್ಟಿಕ್ಕಿನ ಪುಟಾಣಿ ಬೊಂಬೆಗಳ ಮುಖವನ್ನು ಯಾರಾದರೂ ಸರಿಯಾಗಿ ನೋಡಿದ್ದೀರಾ?

ಶಿವಾಜಿನಗರದ ಗಲ್ಲಿಗಳಲ್ಲಿ, ಕೆ.ಆರ್. ಪುರದ ಫ್ಯಾನ್ಸಿ ಅಂಗಡಿಗಳಲ್ಲಿ ಬೆರಳುದ್ದದ ಸೆಟ್ಟುಗಳು ಸಿಗುತ್ತವೆ: ಮದುವೆ ದಿಬ್ಬಣ, ಕ್ರಿಕೆಟ್ ತಂಡ, ದಶಾವತಾರ. ಒಂದನ್ನು ಕೈಗೆತ್ತಿಕೊಳ್ಳಿ. ಮದುಮಗಳ ಕಣ್ಣು ಕೆನ್ನೆಗಿಳಿದಿರುತ್ತದೆ, ತುಟಿಯ ಕೆಂಪು ಗಲ್ಲ ಮುಟ್ಟಿರುತ್ತದೆ, ಕೃಷ್ಣನ ಕಿರೀಟದ ಚಿನ್ನ ಕಿವಿಗೂ ಮೆತ್ತಿರುತ್ತದೆ. ಇದನ್ನು ತೋರಿಸಿದರೆ ಒಬ್ಬ ಅಂಗಡಿಯವರು ನನಗೆ ಕೊಟ್ಟ ಉತ್ತರ: "ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಮೇಡಂ." ಬೊಂಬೆ ಹಬ್ಬವನ್ನು ದೂರದಿಂದ ಯಾರು ನೋಡುತ್ತಾರೆ? ನಮ್ಮಲ್ಲಾಗಲಿ, ಹಲಸೂರಿನ ತಮಿಳರ ಮನೆಯ ಕೊಲುವಿನಲ್ಲಾಗಲಿ, ಮಕ್ಕಳು ಮೆಟ್ಟಿಲಿಗೆ ಮೂಗು ತಾಗಿಸಿಕೊಂಡೇ ಕೂರುವುದು.

ತಪ್ಪು ಪ್ಲಾಸ್ಟಿಕ್ಕಿನದಲ್ಲ, ಅವಸರದ್ದು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚಿದ ಜಿಡ್ಡನ್ನು ತೊಳೆಯದೆ ಬಣ್ಣ ಬಳಿದರೆ ಅದು ಹಿಡಿಯುವುದಿಲ್ಲ. ಕಣ್ಣನ್ನು ಸಾಮಾನ್ಯವಾಗಿ ಮೆತ್ತನೆಯ ಸಿಲಿಕೋನ್ ಮುದ್ರೆಯಿಂದ ಒತ್ತುತ್ತಾರೆ. ಬೊಂಬೆ ಕೂದಲೆಳೆಯಷ್ಟು ಓರೆಯಾದರೂ ಕಣ್ಣು ಕೆನ್ನೆಗೆ ಬೀಳುತ್ತದೆ. ಬಣ್ಣ ದಪ್ಪವಾದರೆ ಅಚ್ಚಿನಲ್ಲಿ ನಾಜೂಕಾಗಿ ಮೂಡಿದ್ದ ಬೆರಳು, ಸೀರೆಯ ನೆರಿಗೆ ಎಲ್ಲ ಮುಚ್ಚಿಹೋಗುತ್ತವೆ. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಈ ಕೊನೆಯ ಕೆಲಸಕ್ಕೇ.

ಚನ್ನಪಟ್ಟಣದಲ್ಲಿ ಹೇಗೆ? ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಬಣ್ಣವೂ ಬೊಂಬೆಯ ಮೈಯೇ. ಇಲ್ಲಿ ಅದು ಮೇಲೆ ಹೊದೆಸಿದ ಸಿಪ್ಪೆ.

"ಮಣ್ಣಿನದು ಒಡೆಯುತ್ತೆ, ದುಬಾರಿ" ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಬಾಡಿಗೆ ಮನೆ ಬದಲಿಸುತ್ತ ಬದುಕುವವರಿಗೆ ಪ್ಲಾಸ್ಟಿಕ್ಕೇ ಅನುಕೂಲ. ಸರಿ, ಕೊಳ್ಳಿ. ಆದರೆ ಒಡೆಯದ ಬೊಂಬೆಯ ಮುಖ ಎರಡನೇ ವರ್ಷಕ್ಕೇ ಅಳಿಸಿಹೋದರೆ, ಉಳಿಸಿದ್ದಾದರೂ ಏನು?

ಹೊರದೇಶದಲ್ಲೂ ಇದೇ ಜಗಳವುಂಟು. ಅಮೆರಿಕದ ವಿಜ್‌ಕಿಡ್ಸ್ ಕಂಪನಿ 2000ದಲ್ಲಿ 'ಮೇಜ್ ನೈಟ್' ಎಂಬ ಆಟ ತಂದಿತು. ಮೇಜಿನ ಮೇಲೆ ನಡೆಸುವ, ಬಣ್ಣ ಬಳಿದೇ ಬರುವ ಪ್ಲಾಸ್ಟಿಕ್ ಯೋಧರು ಅದರ ಕಾಯಿಗಳು. ಮುಚ್ಚಿದ ಡಬ್ಬಿಯಲ್ಲಿ ಮಾರಾಟ. ಕೊಳ್ಳುವ ಮುನ್ನ ಮುಖ ನೋಡುವ ಹಾಗೇ ಇಲ್ಲ! ಇಂಥ ಕಾಯಿಗಳ ಬಣ್ಣ ಒಪ್ಪದ ಆಟಗಾರರು ಕುಂಚ ಹಿಡಿದು ತಾವೇ ಮತ್ತೆ ಬಳಿಯುತ್ತಾರೆ. ಆಟಕ್ಕೇ ಅಷ್ಟು ಮರ್ಯಾದೆಯಾದರೆ, ಆರತಿ ಎತ್ತುವ ಬೊಂಬೆಗೆ ಎಷ್ಟಿರಬೇಕು?

ಇನ್ನು ಅಂದಕ್ಕಿಂತ ದೊಡ್ಡ ಮಾತು. ಕೂಸಿನ ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ, ಉದುರಿದ ಬಣ್ಣವೂ ಹೋಗುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಅದು ಎಳೆಯ ಮಿದುಳಿಗೆ ವಿಷ. ಅದಕ್ಕೇ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು 2016ರಲ್ಲಿ ನಿಯಮವಾಗಿ 2017ರ ನವೆಂಬರಿನಿಂದ ಜಾರಿಯಾಯಿತು. 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ನೋಂದಾಯಿತ ಕರಕುಶಲಿಗಳ ಕೈಕೆಲಸಕ್ಕೆ ವಿನಾಯಿತಿಯಿದೆ. ಗುರುತು ಎಲ್ಲಿ ಎಂದು ಕೇಳಿದರೆ, "ಇದು ಶೋಕೇಸಿಗೆ, ಆಟಕ್ಕಲ್ಲ" ಎಂಬ ಜಾಣ ಉತ್ತರ. ಯಾವುದು ಶೋಕೇಸು, ಯಾವುದು ಆಟ ಎಂಬುದು ಒಂದೂವರೆ ವರ್ಷದ ಮೊಮ್ಮಗುವಿಗೆ ಗೊತ್ತೇ?

ಆದ್ದರಿಂದ ಕೊಳ್ಳುವಾಗ ನಾಚಿಕೆ ಬಿಡಿ. ಪೆಟ್ಟಿಗೆ ತೆಗೆಸಿ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಬೊಂಬೆಯ ಬೆನ್ನು ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ವಾಪಸು ಕೊಡಿ. ಉಜ್ಜಿದರೆ ಸೀಸ ತಿಳಿಯದು, ಅದನ್ನು ಬಾಯಿಬಿಟ್ಟೇ ಕೇಳಬೇಕು. ಕಂಟೋನ್ಮೆಂಟ್ ಬಳಿಯ ಪಾಟರಿ ಟೌನಿನಲ್ಲಿ ಕುಂಬಾರರಿಂದ ಮಣ್ಣಿನದು ಕೊಂಡಾಗಲೂ ಯಾವ ಬಣ್ಣ ಎಂದು ಕೇಳಿ. ಬಣ್ಣ ಮಾಸಿದ ಹಳೆಯ ಬೊಂಬೆಯಿದ್ದರೆ ಮತ್ತೆ ಬಳಿದುಕೊಡುತ್ತೀರಾ ಎಂದು ವಿಚಾರಿಸಿ, ಕೈಕೆಲಸಕ್ಕೆ ಕೂಲಿ ಕೊಡಿ.

ಬದನೆಕಾಯಿಯನ್ನು ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುವವರು ನಾವು. ಹತ್ತು ದಿನ ಮನೆಯೊಳಗೆ ಕೂರಿಸಿ ಪೂಜಿಸುವ ಬೊಂಬೆಯನ್ನು ಒಂದು ಸಲವಾದರೂ ತಿರುಗಿಸಿ ನೋಡಬಾರದೇ?